ರಜಾ ಅರ್ಜಿಯಲ್ಲಿದ್ದ ತೆಂಗಿನಕಾಯಿ

ಅಪ್ಪನ ಬಲಗಣ್ಣು ಹೋದದ್ದು ದಿಲ್ಲಿಯ ಕರೋಲ್ ಬಾಗ್‌ನ ಫುಟ್‌ಪಾತಿನಲ್ಲಿ. ದುರಸ್ತಿಯಾಗುತ್ತಿದ್ದ ಹೋಟೆಲೊಂದರ ಮುಂದೆ ಪರದೆ ಕಟ್ಟದೆ ಕಬ್ಬಿಣ ಕತ್ತರಿಸುತ್ತಿದ್ದರು. ಸಿಡಿದ ಚೂರು ನಡೆದು ಹೋಗುತ್ತಿದ್ದ ಅಪ್ಪನ ಕಣ್ಣಿಗೆ ಹೊಕ್ಕಿತು. ಆದರೆ ಸರ್ಕಾರಿ ದಾಖಲೆಯ ಪ್ರಕಾರ ಅದು ಹೋದದ್ದು ಆರ್.ಕೆ. ಪುರಂನ ನಮ್ಮ ಕ್ವಾರ್ಟರ್ಸಿನಲ್ಲಿ, ತೆಂಗಿನಕಾಯಿ ಒಡೆಯುವಾಗ.

ಹಾಗೆಂದು ರಜಾ ಅರ್ಜಿಯಲ್ಲಿ ಬರೆದವನು ಅಪ್ಪನೇ.

"ಹೋಟೆಲಿನವರು ನಿಮ್ಮ ಆಫೀಸಿಂದ ಈ ಅರ್ಜಿ ತರಿಸಿದ್ದಾರೆ," ಎಂದರು ಆ ಹೋಟೆಲಿನ ಮೇಲೆ ನಾವು ಹೂಡಿದ್ದ ಕೇಸಿನ ವಕೀಲೆ ವೈಜಯಂತಿ. "ಆಸ್ಪತ್ರೆ ಚೀಟೀಲಿ ಕಬ್ಬಿಣದ ಚೂರು ಅಂತಿದೆ, ಎಲ್ಲಿ ಸಿಡೀತು ಅಂತಿಲ್ಲ. ನಾಳೆ ಪಾಟೀಸವಾಲಿನಲ್ಲಿ ಸರಿಯಾದ ಉತ್ತರ ಕೊಡದಿದ್ರೆ ಪರಿಹಾರದ ಆಸೆ ಬಿಡಿ, ಮೂರ್ತಿ ಸರ್."

ಅಪ್ಪ "ನೋಡೋಣಮ್ಮ" ಎಂದಷ್ಟೇ ಹೇಳಿ ಎದ್ದ.

ದಕ್ಷಿಣಾಮೂರ್ತಿ ಎಂದರೆ ಸಚಿವಾಲಯದಲ್ಲಿ ಗಡಿಯಾರಕ್ಕೆ ಇನ್ನೊಂದು ಹೆಸರು. ಮೂವತ್ನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಇಲ್ಲ. ನಿವೃತ್ತಿಗೆ ಮೂರೇ ತಿಂಗಳು. ಅಂಥವನು ಸುಳ್ಳು ಯಾಕೆ ಬರೆದ? ಆ ದಿನ ಆಫೀಸಿನ ಫೈಲು ಕೊಡಲು ಹೋಗಿದ್ದೆ ಎಂದು ನಮಗೆ ಹೇಳಿದ್ದ.

ಪಾಟೀಸವಾಲಿಗೆ ಅಭ್ಯಾಸವಾಗಲೆಂದು ಸಂಜೆ ನಾನೇ ಹೋಟೆಲಿನ ವಕೀಲನಾದೆ. ಅಮ್ಮನ ಕಪ್ಪು ಶಾಲು ಹೊದ್ದು, ಆತನ ಹಾಗೇ ಎರಡು ಸಲ ಕೆಮ್ಮಿ, ಆತ ಯಾವಾಗಲೂ ನಿಲ್ಲುವಂತೆ ಅಪ್ಪನಿಗೆ ಕಾಣದ ಬಲಗಡೆ ನಿಂತೆ.

"ಮೂರ್ತಿ ಸಾಹೇಬ್, ಜರಾ ಸೋಚ್ ಕೇ ಬತಾಯಿಯೇ, ಯೋಚಿಸಿ ಹೇಳಿ. ತೆಂಗಿನಕಾಯಿಗೆ ಜುಟ್ಟಿತ್ತೋ, ಇಲ್ಲವೋ?"

ಅಮ್ಮ ಅಡುಗೆಮನೆಯಿಂದಲೇ ನಕ್ಕಳು. ಅಪ್ಪ ನಗಲಿಲ್ಲ.

"ಕಾಯೇ ಇರಲಿಲ್ಲ."

"ಅಚ್ಛಾ! ಹಾಗಾದರೆ ಮಧ್ಯಾಹ್ನ ಮೂರಕ್ಕೆ ಕರೋಲ್ ಬಾಗ್‌ನಲ್ಲಿ ಏನು ಕೆಲಸ?"

"ಫೈಲು ಕೊಡೋಕೆ..."

"ಯಾವ ಫೈಲು? ನಂಬರ್?"

ಇಪ್ಪತ್ತು ವರ್ಷದ ಹಿಂದಿನ ಫೈಲುಗಳ ನಂಬರನ್ನೂ ನಿದ್ದೆಯಲ್ಲಿ ಹೇಳಬಲ್ಲ ಅಪ್ಪ ಪರ್ಸಿಗೆ ಕೈಹಾಕಿದ. ಮಡಿಸಿ ಮಡಿಸಿ ಸವೆದ ಚೀಟಿಯೊಂದನ್ನು ತೆಗೆದುಕೊಟ್ಟ. ರಿಪೇರಿ ಅಂಗಡಿಯ ರಸೀದಿ, ಮೇಲೆ ಅಂದಿನದೇ ತಾರೀಖು. ಹಿಂದಿಯಲ್ಲಿ ಬರೆದಿತ್ತು: ಟೇಪ್ ರೆಕಾರ್ಡರ್. ಇಂದು ನಾಲ್ಕು ಗಂಟೆಗೆ ಸಿಗುತ್ತದೆ.

ಶಾಲು ಜಾರಿತು.

"ಅಪ್ಪಾ, ಇದು ನನ್ನ ಟೇಪು."

ಕಣ್ಣು ಹೋದ ದಿನದ ಮರುದಿನ ನನ್ನ ಕಾಲೇಜಿನಲ್ಲಿ ಮಿಮಿಕ್ರಿ ಸ್ಪರ್ಧೆಯಿತ್ತು. ಕೆಟ್ಟ ಟೇಪನ್ನು ಮುಂದಿಟ್ಟುಕೊಂಡು ಹಿಂದಿನ ದಿನ ಬೆಳಿಗ್ಗೆ ನಾನು ಮನೆಯೆಲ್ಲ ರಂಪ ಮಾಡಿದ್ದೆ. ಅಪ್ಪ ಯಾರಿಗೂ ಹೇಳದೆ ಆಫೀಸು ಬಿಟ್ಟು ಅದನ್ನು ರಿಪೇರಿಗೆ ಕೊಟ್ಟಿದ್ದ; ನಾಲ್ಕಾಗುವುದನ್ನು ಕಾಯುತ್ತ ಆ ಫುಟ್‌ಪಾತಿನಲ್ಲಿ ನಡೆಯುತ್ತಿದ್ದ.

"ನೀನು ಹೀಗೆ ಮುಖ ಮಾಡ್ತೀಯ ಅಂತ್ಲೇ ತೋರಿಸಿರಲಿಲ್ಲ," ಎಂದ. "ಅವರು ಪರದೆ ಕಟ್ಟದಿದ್ದದ್ದಕ್ಕೆ ಕಣ್ಣು ಹೋಯ್ತು ಪುಟ್ಟಿ, ನಿನ್ನ ಟೇಪಿಂದಲ್ಲ."

"ನಾಳೆ ಇಷ್ಟೇ ಹೇಳು."

"ಹಾಜರಿ ಪುಸ್ತಕ? ಅದ್ರಲ್ಲಿ ಕೆಂಪು ಗೆರೆ ಬೀಳಬಾರದು ಅಂತ್ಲೇ ತೆಂಗಿನಕಾಯಿ ಬರೆದೆ."

"ರೀ," ಅಮ್ಮ ಕಾಫಿ ಲೋಟವನ್ನು ಅವನ ಎಡಗಡೆ ಇಟ್ಟಳು, "ಮೂವತ್ನಾಲ್ಕು ವರ್ಷದಲ್ಲಿ ಒಂದು ಮಧ್ಯಾಹ್ನ ನಮ್ಮದಾಗಿತ್ತು. ಧೈರ್ಯವಾಗಿ ಹೇಳಿ."

"ಕಾಯಿ ಒಡೆಯಲಿಲ್ಲ, ಕಾಯ್ದೆ ಮುರಿದೆ ಅಂದುಬಿಡು," ಎಂದೆ ಮೂಗೊರೆಸಿಕೊಳ್ಳುತ್ತ. ಆಗ ನಕ್ಕ.

ಮರುದಿನ ಕೋರ್ಟಿನಲ್ಲಿ ಆ ವಕೀಲ ಬಲಗಡೆಗೇ ಬಂದು ನಿಂತು ಸರಿಯಾಗಿ ಎರಡು ಸಲ ಕೆಮ್ಮಿದ. ಅಪ್ಪ ತುಟಿ ಬಿಗಿಹಿಡಿದು ನನ್ನತ್ತ ನೋಡಿದ. ಆಮೇಲೆ ಇಡೀ ಮೈಯನ್ನೇ ಅವನೆಡೆಗೆ ತಿರುಗಿಸಿ ಹೇಳಿದ: "ಅರ್ಜಿಯಲ್ಲಿ ಬರೆದದ್ದು ಸುಳ್ಳು. ಅನುಮತಿ ಇಲ್ಲದೆ ಆಫೀಸು ಬಿಟ್ಟಿದ್ದೆ. ಇದು ರಸೀದಿ."

ನ್ಯಾಯಾಧೀಶರು ಚೀಟಿಯನ್ನು ದಾಖಲೆಗೆ ತೆಗೆದುಕೊಂಡರು. ಮುಂದಿನ ಸಲ ರಿಪೇರಿ ಅಂಗಡಿಯ ಮುದುಕ ಸಾಕ್ಷಿಗೆ ಬಂದು, ಕಣ್ಣು ಹಿಡಿದು ಕೂತಿದ್ದ ಈ ಬಾಬೂಜಿಯನ್ನು ಆಟೋ ಹತ್ತಿಸಿದ್ದು ತಾನೇ ಎಂದ. ಟೇಪು ಇನ್ನೂ ತನ್ನಲ್ಲೇ ಇದೆಯೆಂದೂ ಹೇಳಿದ. ನಡುವೆ ಆಫೀಸಿನಿಂದ ಮೆಮೊ ಬಂತು: ಅರ್ಧ ದಿನದ ರಜೆ ಕಡಿತ. ಅಪ್ಪ ಎರಡು ಸಲ ಓದಿ, "ಸರಿಯಾಗೇ ಬರೆದಿದ್ದಾರೆ," ಎಂದು ಫೈಲಿಗೆ ಸೇರಿಸಿದ.

ಪರಿಹಾರ ಕೊಡಬೇಕೆಂದು ಆದೇಶ ಬಂದದ್ದು ಅವನ ನಿವೃತ್ತಿಯಾದ ಮೇಲೆ. ಅದೇ ಮಧ್ಯಾಹ್ನ ಇಬ್ಬರೂ ಕರೋಲ್ ಬಾಗ್‌ಗೆ ಹೋದೆವು. ಆ ಫುಟ್‌ಪಾತಿನಲ್ಲಿ ನಾನು ಅವನ ಬಲಗಡೆ ನಡೆದೆ. ಅಂಗಡಿ ತಲುಪಿದಾಗ ಇನ್ನೂ ಮೂರೂ ನಲವತ್ತು. ಒಳಗೆ ನುಗ್ಗಲಿದ್ದ ನನ್ನ ಕೈಹಿಡಿದು ಅಪ್ಪ ಮೆಟ್ಟಿಲ ಮೇಲೆ ಕೂರಿಸಿಕೊಂಡ.

"ನಾಲ್ಕಕ್ಕೆ ಅಂತ ಬರೆದಿದ್ದಾನೆ ಪುಟ್ಟಿ."

ಕಾದೆವು.