ಬಸುರಿಯ ಪಾಲು

ದತ್ತು ಕೆಲಸದಿಂದ ಬಂದವನೇ ಒಲೆಯ ಪಕ್ಕದಲ್ಲಿ ಇನ್ನೊಂದು ಪ್ಯಾಕೆಟ್ ಇಟ್ಟ. ಗುಲಾಬಿ ಬಣ್ಣದ ಬೆರಳುದ್ದದ ತುಂಡುಗಳು, ಎಲ್ಲವೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಸಾಸೇಜ್ ಅಂತೆ. ನೋಡಿದರೆ ನನಗೆ ಮೈ ಉರಿಯುತ್ತದೆ.

"ಇದು ಯಾವ ಪ್ರಾಣಿನಪ್ಪ?" ಎಂದು ಕೇಳಿದೆ.

"ಕೋಳಿ, ಅತ್ತಿ. ದಿನಾ ಹೇಳ್ತೀನಲ್ಲ."

"ಕೋಳಿದು ಯಾವ ಭಾಗ?"

"ಎಲ್ಲಾ ಕೂಡಿಸಿ ಮಷೀನ್‌ದಾಗ ಅರೀತಾರ."

"ಎಲ್ಲಾ ಅಂದ್ರ ಕೊಕ್ಕೂ ಬಂತು ಹಂಗಾದ್ರ," ಎಂದೆ. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಗಂಗಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗಂಗಾ ನನ್ನ ಮಗಳು. ದತ್ತು ನನ್ನ ಅಣ್ಣ ಹುಲಿಗೆಪ್ಪನ ಮಗ, ಈಗ ಅಳಿಯ. ಎತ್ತಿ ಆಡಿಸಿದ ಹುಡುಗನನ್ನು ಬಹುವಚನದಲ್ಲಿ ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ. ಕುಷ್ಟಗಿ ಕಡೆಯವರಾದ ನಾವು ಮೂವರೂ ಬೆಂಗಳೂರಿನ ಟಿನ್ ಫ್ಯಾಕ್ಟರಿ ಹಿಂದಿನ ಗಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿದ್ದೇವೆ. ನಾನು ಅಲ್ಲೇ ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತೇನೆ. ದತ್ತುಗೆ ಕಮ್ಮನಹಳ್ಳಿಯ ಮೇನ್ ರೋಡಿನಲ್ಲಿ ಫ್ರೀಜರ್ ಮಾಂಸ ಮಾರುವ ಅಂಗಡಿಯಲ್ಲಿ ಕೆಲಸ. ಮೇಲಿನ ರಟ್ಟು ಹರಿದ ಪ್ಯಾಕೆಟ್ಟುಗಳನ್ನು ಮಾಲೀಕ ಕೆಲಸದವರಿಗೆ ಹಂಚುತ್ತಾನೆ. ದತ್ತು ಅವನ್ನು ಗೆದ್ದುಕೊಂಡು ಬಂದವನ ಹಾಗೆ ಮನೆಗೆ ತರುತ್ತಾನೆ.

ಅವನದೂ ತಪ್ಪಲ್ಲ ಬಿಡಿ. ಹೋದ ವರ್ಷ ಗಂಗಾಳ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಆಮೇಲೆ ಅವಳು ಎಷ್ಟೋ ದಿನ ಗೋಡೆ ನೋಡಿಕೊಂಡು ಮಲಗಿದ್ದಳು. ಈ ಸಲ ಏಳು ತುಂಬುತ್ತಿದೆ. ಹಲಸೂರಿನ ಹೆರಿಗೆ ಆಸ್ಪತ್ರೆಯ ಡಾಕ್ಟರು ವಿಭಾ ಮೇಡಂ ಮೊದಲ ಸಲ ನೋಡಿದಾಗಲೇ, "ರಕ್ತ ಕಮ್ಮಿ ಇದೆ. ಮಾತ್ರೆ ಬಿಡಬೇಡಿ. ಮಾಂಸ ತಿನ್ನೋರಾದ್ರೆ ಮಾಂಸ, ಮೊಟ್ಟೆ, ಸೊಪ್ಪು, ಕಾಳು ಚೆನ್ನಾಗಿ ಕೊಡಿ," ಎಂದಿದ್ದರು. ಮಾಂಸ ಎಂಬ ಒಂದು ಮಾತನ್ನು ದತ್ತು ಗಟ್ಟಿಯಾಗಿ ಹಿಡಿದುಕೊಂಡ. ಕುರಿ ಖಂಡ ನಮ್ಮ ಕೈಗೆ ಎಟುಕುವುದಿಲ್ಲ. ಈ ಪ್ಯಾಕೆಟ್ಟೂ ಮಾಂಸವೇ ತಾನೆ ಎಂದು ಅವನ ಲೆಕ್ಕ.

ನನ್ನ ಲೆಕ್ಕ ಬೇರೆ. ನಮ್ಮೂರಲ್ಲಿ ಹಿಂದೆ ಗಂಡಸರು ಮೊಲದ ಬೇಟೆಗೆ ಹೋಗಿ ಬಂದರೆ, ಪಾಲು ಹಾಕುವ ಮುಂಚೆ ಮೊದಲ ಹಿಡಿಯನ್ನು ಎತ್ತಿ ಬಸುರಿ ಇರುವ ಮನೆಗೆ ಕೊಡುತ್ತಿದ್ದರು. ಅದು ಬಸುರಿಯ ಪಾಲು. ಆ ಮನೆಯವರು ಬೇಟೆಗೆ ಹೋಗದಿದ್ದರೂ ಸರಿ, ಜಗಳವಾಡಿ ಮಾತು ಬಿಟ್ಟಿದ್ದರೂ ಸರಿ. ಗಂಗಾ ಹೊಟ್ಟೆಯಲ್ಲಿದ್ದಾಗ ನಾನೂ ತಿಂದಿದ್ದೇನೆ. ಹೊಲದ ಬದುವಿನ ಹುಲ್ಲು ತಿಂದು ಓಡಾಡಿದ ಮೊಲ, ಒಂದು ಬೆರಳಿನಷ್ಟೂ ಕೊಬ್ಬಿಲ್ಲದ ಖಂಡ. ಸಂಜೆ ಹಿಡಿದದ್ದು ಊಟದ ಹೊತ್ತಿಗೆ ಗಡಿಗೆಯಲ್ಲಿ ಕುದಿಯುತ್ತಿತ್ತು. ಆ ಕೆಂಪು ಸಾರು ಕುಡಿದರೆ ಕೈಕಾಲಿಗೆ ಜೀವ ಬಂದ ಹಾಗಾಗುತ್ತಿತ್ತು.

ಹಾಗಾಗಿ ನಾನು ಹುಲಿಗೆಪ್ಪಣ್ಣನಿಗೆ ಫೋನ್ ಹಚ್ಚಿದೆ. ಈಗ ಮೊಲ ಹಿಡಿದರೆ ಅರಣ್ಯದವರು ಕೇಸು ಜಡಿಯುತ್ತಾರೆ, ಅದು ನನಗೂ ಗೊತ್ತು, ಅಣ್ಣನಿಗೂ ಗೊತ್ತು. "ಹೋದ ಸಲ ಏನಾತು ನೀನ ನೋಡಿದಿ. ಒಂದ ಸಲ ಕಳಿಸಣ್ಣ," ಎಂದೆ. ಅವನು ಆಗಲಿ ಎಂದ. ಊರಿಂದ ಗಾರೆ ಕೆಲಸಕ್ಕೆ ಬರುವವನೊಬ್ಬನ ಚೀಲದಲ್ಲಿ, ಒಣಗಿಸಿದ ಮೊಲದ ಖಂಡ ಬಂತು. ಬಟ್ಟೆ ಬಿಚ್ಚಿ ಮೂಗಿಗೆ ಹಿಡಿದಾಗ ನನಗೆ ಅಳು ಬಂತು.

ಅಷ್ಟರಲ್ಲಿ ಎರಡನೇ ಸಲ ಆಸ್ಪತ್ರೆಗೆ ಹೋದಾಗ ವಿಭಾ ಮೇಡಂ, "ಬಿಪಿ ಸ್ವಲ್ಪ ಮೇಲಿದೆ. ಹೋದ ಸಲದ್ದು ನೆನಪಿರ್ಲಿ, ಹುಷಾರಾಗಿರಬೇಕು. ಉಪ್ಪು ಕಮ್ಮಿ ಮಾಡಿ," ಎಂದು ಹೇಳಿ ಕಳಿಸಿದರು. ಅಂದೇ ನಾನು ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲೆ ಎಸೆದೆ. ಸಾರಿಗೆ ಉಪ್ಪಿಲ್ಲ, ರೊಟ್ಟಿಗೆ ಉಪ್ಪಿಲ್ಲ, ಪಲ್ಯಕ್ಕೆ ಇಲ್ಲವೇ ಇಲ್ಲ. ದತ್ತು ಮುಖ ಹಿಂಡಿಕೊಂಡು ಉಣ್ಣುತ್ತಿದ್ದ. ಉಣ್ಣಲಿ, ಮಗು ಅವನದೇ ಅಲ್ಲವೇ.

ಒಂದು ಭಾನುವಾರ ನಮ್ಮಿಬ್ಬರ ಜಗಳ ತೀರ್ಮಾನಕ್ಕೆ ಬಂತು. ಗಂಗಾಳೇ ಹೇಳಿದಳು, "ದಿನಾ ಕಚ್ಚಾಡಬ್ಯಾಡ್ರಿ. ಫೋನ್‌ದಾಗ ನೋಡ್ರಿ, ಯಾವುದು ಚಲೋ ಅಂತ ಅದ ಹೇಳ್ತೈತಿ."

ದತ್ತು ಪ್ಯಾಕೆಟ್ ತಿರುಗಿಸಿ ಓದಿದ. ನೂರು ಗ್ರಾಂ ಸಾಸೇಜಿನಲ್ಲಿ ಪ್ರೋಟೀನ್ ಹನ್ನೆರಡು, ಕೊಬ್ಬು ಹದಿನೆಂಟು. ಸೋಡಿಯಂ ಎಂಬುದೊಂದು ಒಂಬೈನೂರು ಮಿಲಿಗ್ರಾಂ ಇತ್ತು. "ಅದೇನಪ?" ಎಂದೆ. "ಕೆಡಬಾರದಂತ ಏನೋ ಹಾಕ್ತಾರ," ಎಂದ. ಆಮೇಲೆ ಫೋನಿನಲ್ಲಿ ಕಾಡು ಮೊಲ ಎಂದು ಹುಡುಕಿದ. ಓದುತ್ತ ಓದುತ್ತ ಅವನ ಮುಖ ಸಣ್ಣದಾಯಿತು.

"ಪ್ರೋಟೀನ್ ಇಪ್ಪತ್ತೆರಡು, ಅತ್ತಿ. ಕೊಬ್ಬು ಎರಡ. ರಕ್ತಕ್ಕ ಬೇಕಾದ ಕಬ್ಬಿಣನೂ ಹೆಚ್ಚೈತಿ. ಆ ಸೋಡಿಯಂ ಬರೇ ಐವತ್ತು."

"ಮತ್ತ?" ಎಂದೆ.

"ಮತ್ತೇನು, ನೀನ ಗೆದ್ದಿ."

ನಾನು ಗೆದ್ದೆ. ಅಂದು ಖಾನಾವಳಿಯಲ್ಲಿ ಎಲ್ಲರಿಗೂ ಅದೇ ಮಾತು ಹೇಳಿದೆ. ಮೊಲದ ಹೆಸರು ಎತ್ತದೆ, ಊರಿನ ಖಂಡ ಎಂದಷ್ಟೇ ಹೇಳಿದೆ. ದತ್ತು ಪ್ಯಾಕೆಟ್ ತರುವುದನ್ನು ಅಂದಿನಿಂದ ನಿಲ್ಲಿಸಿದ. ಹುಡುಗ ಹಟಮಾರಿ, ಆದರೆ ಸೋತರೆ ಒಪ್ಪಿಕೊಳ್ಳುತ್ತಾನೆ. ಅಣ್ಣನಿಗೆ ಹೇಳಿ ಇನ್ನೊಂದು ಕಂತು ತರಿಸಿದೆ.

ಗಂಗಾಳಿಗೆ ಅದರ ರುಚಿ ಹಿಡಿಯಿತು. ಸಪ್ಪೆ ಸಾರು, ಸಪ್ಪೆ ರೊಟ್ಟಿ ತಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ಒಣ ಖಂಡವನ್ನು ಹೆಂಚಿನ ಮೇಲೆ ಸುಟ್ಟು ಕೊಟ್ಟರೆ ಮಾತ್ರ ಬೆರಳು ಚೀಪಿ ತಿನ್ನುತ್ತಿದ್ದಳು. "ಯವ್ವಾ, ಇನ್ನೊಂದು ತುಂಡು," ಎನ್ನುತ್ತಿದ್ದಳು. ಬಸುರಿ ಕೇಳಿದ್ದಕ್ಕೆ ಇಲ್ಲ ಎನ್ನಬಾರದು, ನಮ್ಮಲ್ಲಿ ಹಾಗೆ. ನಾನು ಇನ್ನೊಂದು ಕೊಡುತ್ತಿದ್ದೆ. ನೆನೆಹಾಕಿ ತೊಳೆದು ಸಾರು ಮಾಡೋಣವೆಂದರೆ ಅವಳಿಗೆ ಬೇಡ, ಸುಟ್ಟದ್ದೇ ಬೇಕು. ತಿನ್ನುತ್ತಿದ್ದಾಳಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಆಮೇಲೆ ಅವಳ ಪಾದ ಊದಿತು. ಬಸುರಿಗೆ ಕಾಲು ಊದುತ್ತದೆ ಎಂದುಕೊಂಡೆ. ಕೈ ಊದಿತು, ಬಳೆ ಕಳಚಲು ಸೋಪು ಹಚ್ಚಬೇಕಾಯಿತು. ಒಂದು ಬೆಳಿಗ್ಗೆ ಎದ್ದವಳು ಹಣೆ ಒತ್ತಿಕೊಂಡು, "ತಲಿ ಸಿಡೀತೈತಿ. ಕಣ್ಣ ಮುಂದ ಮಿಣುಮಿಣು ಅಂತೈತಿ," ಎಂದಳು. ಬಸ್ಸಿಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಆಟೋ ಹಿಡಿದೆವು. ಹಳೇ ಮದ್ರಾಸ್ ರಸ್ತೆಯ ಆ ಟ್ರಾಫಿಕ್ಕಿನಲ್ಲಿ ಗಂಗಾ ನನ್ನ ತೋಳು ಹಿಡಿದು, "ಈ ಸಲನೂ ಹೋಗತೈತೇನಬೇ?" ಎಂದು ಕೇಳಿದಳು. ಇಲ್ಲ ಎಂದೆ.

ಆಸ್ಪತ್ರೆಯಲ್ಲಿ ಬಿಪಿ ನೋಡಿದ ವಿಭಾ ಮೇಡಂ ಇನ್ನೊಮ್ಮೆ ನೋಡಿದರು. ಮೂತ್ರ ಪರೀಕ್ಷೆ ಮಾಡಿಸಿದರು. ತಕ್ಷಣ ಅವಳನ್ನು ಒಳಗೆ ಮಲಗಿಸಿ, ಇಂಜೆಕ್ಷನ್ ಹಾಕಿಸಿ, ನಮ್ಮಿಬ್ಬರನ್ನು ಕರೆದರು.

"ಬಿಪಿ ತುಂಬಾ ಏರಿದೆ. ತಾಯಿಗೂ ಅಪಾಯ, ಮಗುಗೂ ಅಪಾಯ. ಇಳೀದೇ ಹೋದ್ರೆ ಬೇಗ ಹೆರಿಗೆ ಮಾಡಿಸ್ಬೇಕಾಗುತ್ತೆ, ಮಗು ಇನ್ನೂ ಸಣ್ಣದು. ಮನೇಲಿ ಏನೇನು ತಿಂತಾಳೆ, ಒಂದೂ ಬಿಡದೆ ಹೇಳಿ. ಉಪ್ಪು?"

"ಮನಿಯಾಗ ಉಪ್ಪಿನ ಕಾಳ ಇಲ್ಲರಿ," ಎಂದೆ. ಎದೆ ತಟ್ಟಿಕೊಂಡು ಹೇಳುವ ಹಾಗೆಯೇ ಹೇಳಿದೆ.

ದತ್ತು ತಲೆ ತಗ್ಗಿಸಿ, "ನಾನು ಅಂಗಡಿಯಿಂದ ಸಾಸೇಜ್ ತಂದ ಕೊಡ್ತಿದ್ದೆ ಮೇಡಂ," ಎಂದ. ಪ್ಯಾಕೆಟ್ಟಿನ ಫೋಟೋ ಫೋನಿನಲ್ಲಿತ್ತು, ತೋರಿಸಿದ.

ಮೇಡಂ ಅದನ್ನು ದೊಡ್ಡದು ಮಾಡಿ ನೋಡಿದರು. "ಈ ಸೋಡಿಯಂ ಅಂದ್ರೇನು ಗೊತ್ತಾ? ಉಪ್ಪೇ ಅದು. ಇದರಲ್ಲಿ ಕೊಬ್ಬೂ ಜಾಸ್ತಿ, ಉಪ್ಪಂತೂ ಕೇಳ್ಲೇಬೇಡಿ."

ನೋಡಿ ನನ್ನ ಬುದ್ಧಿ. ಮಗಳು ಒಳಗೆ ಆ ಸ್ಥಿತಿಯಲ್ಲಿರುವಾಗಲೂ ನನಗೆ ಒಂದು ಗಳಿಗೆ, ನಾನು ಹೇಳಲಿಲ್ಲವೇ ಎಂಬ ಜಂಬ ಬಂತು.

"ಈಗ್ಲೂ ಕೊಡ್ತಿದೀರಾ?"

"ಇಲ್ಲರಿ. ಬಿಟ್ಟು ತಿಂಗಳಾಗಾಕ ಬಂತು," ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಬಿಟ್ಟ ಮೇಲೆ ಊತ ಜಾಸ್ತಿ ಆಗಿದೆಯಲ್ಲ. ಬೇರೆ ಏನಾದ್ರೂ? ಹಪ್ಪಳ, ಉಪ್ಪಿನಕಾಯಿ, ಒಣಮೀನು, ಊರಿಂದ ಬಂದಿದ್ದು?"

"ಏನೂ ಇಲ್ಲ ಮೇಡಂ," ಎಂದು ದತ್ತು ತಟ್ಟನೆ ಹೇಳಿದ. "ತಪ್ಪು ನಂದ. ನನ್ನ ಪ್ಯಾಕೆಟ್ಟಿಂದನ ಆಗೈತಿ."

ಅವನು ನನ್ನ ಕಡೆ ತಿರುಗಲಿಲ್ಲ. ಆದರೂ ನನಗೆ ಅರ್ಥವಾಯಿತು. ಮೊಲ ಎಂದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಅಲ್ಲಿಂದ ಅದು ಅವನ ಅಪ್ಪನ ಮನೆ ಬಾಗಿಲಿಗೆ ಹೋಗುತ್ತದೆ. ಹುಡುಗ ಅಪ್ಪನನ್ನು ಕಾಯುತ್ತಿದ್ದ, ಜೊತೆಗೆ ನನ್ನ ಮಾನವನ್ನೂ ಕಾಯುತ್ತಿದ್ದ. ನನ್ನ ಭುಜದ ಚೀಲದಲ್ಲಿ ಗಂಗಾಳಿಗೆಂದು ಸುತ್ತಿ ತಂದಿದ್ದ ಒಣ ಖಂಡವಿತ್ತು. ಆಸ್ಪತ್ರೆಯ ಊಟ ಅವಳಿಗೆ ಸೇರುವುದಿಲ್ಲ ಎಂದು ಆ ಗಡಿಬಿಡಿಯಲ್ಲೂ ಮರೆಯದೆ ಕಟ್ಟಿಕೊಂಡಿದ್ದೆ.

ಪ್ಯಾಕೆಟ್ ಬಿಟ್ಟ ಮೇಲೆ ಊತ ಏಕೆ ಜಾಸ್ತಿಯಾಯಿತು? ಆ ಪ್ರಶ್ನೆ ನನ್ನ ಎದೆಯ ಮೇಲೆ ಬಂದು ಕೂತಿತು. ಅಣ್ಣನ ಮುಖ ಕಣ್ಣ ಮುಂದೆ ಬಂತು. ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವನು ಅವನು. ಒಳಗಿನಿಂದ ಗಂಗಾ ನರಳುವುದು ಕೇಳಿಸಿತು. ನಾನು ಚೀಲಕ್ಕೆ ಕೈ ಹಾಕಿ ಗಂಟನ್ನು ತೆಗೆದು ಡಾಕ್ಟರ ಮುಂದೆ ಬಿಚ್ಚಿದೆ.

"ಅತ್ತಿ," ಎಂದ ದತ್ತು.

"ಸುಮ್ನಿರು."

ಮೇಡಂ ಒಂದು ತುಂಡನ್ನು ಎತ್ತಿ ಬಿಳಿ ಕಾಗದದ ಮೇಲೆ ತಟ್ಟಿದರು. ಸಣ್ಣ ಹರಳುಗಳು ಉದುರಿದವು. "ಯಾವ ಮಾಂಸ ಇದು?"

"ಮೊಲರಿ. ಅಡವಿ ಮೊಲ. ಇದು ಎಲ್ಲಾದಕ್ಕಿಂತ ಚಲೋ ಅಂತ ಫೋನ್‌ದಾಗೂ ಬಂದಿತ್ತರಿ."

"ಫೋನಲ್ಲಿ ಇರೋದು ಹಸಿ ಮೊಲದ ಲೆಕ್ಕ ಅಮ್ಮ. ಅದು ಒಳ್ಳೇದೇ, ಸುಳ್ಳಲ್ಲ. ಇದನ್ನ ಒಣಗಿಸುವಾಗ ಎಷ್ಟು ಉಪ್ಪು ಹಾಕ್ತಾರೆ?"

ನಾನು ಬೊಗಸೆ ಹಿಡಿದು ತೋರಿಸಿದೆ. ಬೆಂಗಳೂರು ದೂರ, ದಾರಿಯಲ್ಲಿ ಕೆಟ್ಟೀತು, ಇನ್ನೊಂದು ಹಿಡಿ ಜಾಸ್ತಿ ಹಾಕು ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದವಳೂ ನಾನೇ. ಆಗ ಅದು ಉಪ್ಪು ಎಂದೇ ನನಗೆ ಅನಿಸಿರಲಿಲ್ಲ. ಉಪ್ಪು ಎಂದರೆ ನನ್ನ ಡಬ್ಬಿಯಲ್ಲಿದ್ದದ್ದು, ನಾನು ಅಡುಗೆಗೆ ಹಾಕುವುದು. ಅದನ್ನು ಅಟ್ಟಕ್ಕೆ ಎಸೆದಿದ್ದೆನಲ್ಲ. ಹಿಡಿದ ಬೊಗಸೆ ಹಾಗೇ ನಿಂತಿತ್ತು, ಇಳಿಸಲು ಆಗಲಿಲ್ಲ. ದತ್ತು ಬಂದು ನನ್ನ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ," ಎಂದರು ಮೇಡಂ, ಸ್ವಲ್ಪ ಮೆತ್ತಗೆ. "ಈ ಥರ ಬಿಪಿ ಉಪ್ಪು ತಿನ್ನದೋರಿಗೂ ಬರುತ್ತೆ. ಆದ್ರೆ ಏರಿರೋ ಬಿಪಿಗೆ ಇಷ್ಟು ಉಪ್ಪು ಬೀಳಬಾರದು. ಇನ್ನು ಮೊಲ ಹಿಡಿಯೋದು ಅಪರಾಧ, ನಿಮಗೂ ಗೊತ್ತಿದೆ. ತರಿಸ್ಬೇಡಿ. ಈಗ ನನಗೆ ಹುಡುಗಿ ಮುಖ್ಯ."

ಸಂಜೆಯ ಹೊತ್ತಿಗೆ ಬಿಪಿ ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ, ನಾಳೆ ನೋಡಿ ಹೇಳುತ್ತೇವೆ ಎಂದರು. ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟಾಗ ಮಗುವಿನ ಎದೆಬಡಿತ ಟಕಟಕ ಎಂದು ಕೇಳಿಸಿತು. ದತ್ತು ಗೋಡೆಗೆ ಮುಖ ಮಾಡಿ ಅತ್ತ. ನನಗೆ ಅಳುವುದಕ್ಕೂ ಮುಖವಿರಲಿಲ್ಲ.

ನರ್ಸು ಸಪ್ಪೆ ಗಂಜಿ ಮತ್ತು ಬೇಯಿಸಿದ ಮೊಟ್ಟೆ ಇಟ್ಟು ಹೋದಳು. ಗಂಗಾ ಒಂದು ಚಮಚ ಬಾಯಿಗಿಟ್ಟು ಬೌಲನ್ನು ದೂರ ಸರಿಸಿದಳು. ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಕೈ ಚಾಚಿದಳು, ಊದಿದ ಕೈ.

"ಯವ್ವಾ, ಬಾಯಿ ಸಪ್ಪಗಾಗೈತಿ. ಆ ಖಂಡ ಒಂದ ತುಂಡು ಕೊಡಬೇ."

ಗಂಟು ಆಗಲೇ ಕಸದ ಡಬ್ಬಿ ಸೇರಿತ್ತು. ಆದರೂ ನನ್ನ ಕೈ ಅಭ್ಯಾಸಬಲದಿಂದ ಖಾಲಿ ಚೀಲಕ್ಕೆ ಹೋಯಿತು. ಮೂಲೆಯಲ್ಲಿ ಉದುರಿದ್ದ ಹರಳುಗಳು ಬೆರಳಿಗೆ ಅಂಟಿದವು. ಅವನ್ನು ಸೀರೆಗೆ ಒರೆಸಿಕೊಂಡು, ಮೊಟ್ಟೆಯನ್ನು ಮುರಿದು ಅವಳ ತುಟಿಗೆ ಹಿಡಿದೆ.

"ಇಲ್ಲವ್ವ," ಎಂದೆ. ಬಸುರಿಗೆ ಇಲ್ಲ ಎಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. "ಇದನ್ನ ತಿನ್ನು."