ಒಸಿ ಅಡ್ಜಸ್ಟ್ ಮಾಡ್ಕೊ

ಒಸಿ ಅಡ್ಜಸ್ಟ್ ಮಾಡ್ಕೊ ಗುರು, ಅಂದವನ ಮಡಿಲಲ್ಲಿ ಕೊತ್ತಂಬರಿ ಕಟ್ಟು, ಇಬ್ಬರ ಸೀಟಿಗೆ ಮೂರನೆಯವನು, ನಾನು ಬಲಕ್ಕೆ ಅಕ್ಕನ ಕಡೆ ಜರುಗಿದೆ, ಅಕ್ಕ ಕಿಟಕಿಯ ಕಡೆ, ಕಿಟಕಿ ಯಾರಿಗೋಸ್ಕರವೂ ಜರುಗುವುದಿಲ್ಲ — ಅಡ್ಜಸ್ಟ್, ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಮೇಷ್ಟ್ರು ಬರೆಸಿದ ಅರ್ಥ ಸರಿಪಡಿಸು, ಹೊಂದಿಕೊ, ಆ ವರ್ಷವೇ ನಾನು ಸ್ಕೂಲು ಬಿಟ್ಟೆ, ಗ್ಯಾರೇಜಿನಲ್ಲಿ ಅದೇ ಮಾತಿಗೆ ಸ್ಪ್ಯಾನರ್ ಇತ್ತು, ಬ್ರೇಕು, ಚೈನು, ಕ್ಲಚ್ಚು, ತಿರುಗಿಸಿದರೆ ಕೆಟ್ಟಿದ್ದು ಸರಿಯಾಗುತ್ತಿತ್ತು, ಕಂಡಕ್ಟರ್ ಆ ಮಾತು ಅಂದರೆ ಚಿಲ್ಲರೆ ಮರೆತುಬಿಡು ಅಂತ ಅರ್ಥ, ನಮ್ಮ ಮನೆಯಲ್ಲಿ ಹೆಂಗಸರಿಗೆ ಅಂದರೆ ಬಾಯಿ ಮುಚ್ಚು ಅಂತ, ಅದಕ್ಕೆ ಸ್ಪ್ಯಾನರ್ ಬೇಕಿಲ್ಲ, ಹೇಳಿದರೆ ಸಾಕು. ನಿನ್ನೆ ನಮ್ಮೂರು ಮಧುರೆಯಲ್ಲಿ ನಮ್ಮ ಜಗಲಿಯ ಮೇಲೆ ನ್ಯಾಯ, ಅಕ್ಕ ರಂಜಿತ ಗಂಡನ ಮನೆ ಬಿಟ್ಟು ಬಂದು ತಿಂಗಳಾಗಿತ್ತು, ಭಾವ ಬಂದಿದ್ದ, ಕೈ ಒಂಚೂರು ತಗಲ್ತು ಅಷ್ಟೆ ಅಂದ, ಬಾಗಿಲಿಗೆ ತಗಲಿದ ಹಾಗೆ, ಸೋದರಮಾವ ಸೊಣ್ಣಪ್ಪ ಚಾಪೆಯ ಮೇಲೆ ಅಕ್ಕನ ಪಕ್ಕ ಕೂತು ಭಾವನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ಎಲ್ಲಾರ್ ಮನೇಲೂ ಇರದೇ ಕಣವ್ವ, ಒಸಿ ಅಡ್ಜಸ್ಟ್ ಮಾಡ್ಕೊಂಡು ಹೋಗ್ತೀಯಾ, ಆಗಲ್ಲ ಅಂದ್ರೆ ಈಗ್ಲೇ ಅಂದ್ಬಿಡು, ಅಕ್ಕ ನೆಲ ನೋಡುತ್ತಿದ್ದಳು, ಏನೂ ಅನ್ನಲಿಲ್ಲ, ಒಪ್ಪಿದಳು ಎಂದು ಮಾವ ಎಲೆ ಅಡಿಕೆ ತಟ್ಟೆಯನ್ನು ಭಾವನ ಕಡೆ ತಳ್ಳಿದ, ಎಲೆ ಹಾಕಿಕೊಂಡ ಮೇಲೆ ನಮ್ಮಲ್ಲಿ ತೀರ್ಮಾನ ತಿರುಗುವುದಿಲ್ಲ, ಎಲ್ಲರ ಬಾಯೂ ಕೆಂಪಾಯಿತು, ನನಗೆ ಅಕ್ಕನ ಮೇಲೇ ಸಿಟ್ಟು, ಒಂದು ಮಾತು ಅನ್ನಬಾರದಿತ್ತಾ. ಬೆಳಿಗ್ಗೆ ಅಮ್ಮ ಮಡಿಲಕ್ಕಿ ತುಂಬಿದಳು, ಮೊದಲ ಸಲ ಕಳಿಸುವ ಹಾಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಭಾವನ ಊರು ನಂದಗುಡಿಯವರೆಗೂ ಹೋಗಿ ಬಿಟ್ಟುಬರುವ ಕೆಲಸ ನನ್ನದು, ಬೈಕ್ ಡೆಲಿವರಿ ಕೊಟ್ಟ ಹಾಗೆ.

ಹೊಸಕೋಟೆ ದಾಟಿತು, ಬಿಸಿಲು ಅವಳ ಕಡೆಗೇ ಬೀಳುತ್ತಿದೆ, ಅಕ್ಕ ನೀರು ಬೇಕಾ, ಮಾತಿಲ್ಲ, ಮುನಿಸು, ಇರಲಿ, ಅಕ್ಕ, ಮತ್ತೆ ಇಲ್ಲ, ಭುಜ ಮುಟ್ಟಿದೆ — ಕುತ್ತಿಗೆಯನ್ನು ಪೂರಾ ತಿರುಗಿಸಿ ಬಲಗಿವಿಯನ್ನು ನನ್ನ ಬಾಯಿಯ ಮುಂದೆ ತಂದು, ಈ ಕಡೆ ಹೇಳೋ, ಆ ಕಿವಿ ಕೇಳಲ್ಲ. ಯಾವಾಗಿಂದ. ಅವತ್ತಿಂದ. ಅವತ್ತು ಅಂದರೆ ಕೈ ತಗಲಿದ ದಿನ, ಭಾವ ಬಲಗೈ ಮನುಷ್ಯ, ಎಡಗೆನ್ನೆ, ಎಡಗಿವಿ, ಒಂದು ತಿಂಗಳು ಒಂದೇ ಮನೆಯಲ್ಲಿ ಉಂಡು ನನಗೆ ತಿಳಿಯಲಿಲ್ಲ, ಅವಳು ಬಾಗಿಲ ಪಕ್ಕ ಗೋಡೆಗೆ ಎಡಭುಜ ಕೊಟ್ಟು ಕೂರುತ್ತಿದ್ದಳು, ಮತ್ತೆ ಮಾವ, ಮಾವ ಚಾಪೆಯ ಮೇಲೆ ಕೂತದ್ದು ಎಡಕ್ಕೆ, ಎಡಕ್ಕೇ, ಅದೂ ಪಿಸುಮಾತಿನಲ್ಲಿ. ನಿನ್ನೆ ಮಾವ ಕೇಳಿದ್ದು ಕೇಳಿಸ್ತಾ ಅಂದೆ. ಏನೋ ಬುದ್ಧಿ ಹೇಳ್ತಿದ್ರು, ಆಮೇಲೆ ಎಲ್ಲಾರೂ ಎಲೆ ಹಾಕ್ಕಂಡ್ರಿ, ನೀವೇ ತೀರ್ಮಾನ ಮಾಡ್ಬಿಟ್ರಿ ಅನ್ಕೊಂಡೆ. ಹೋಗ್ತೀಯಾ ಅಂತ ನಿನ್ನೇ ಕೇಳಿದ್ದು ಅಕ್ಕ. ಅವಳು ಮಡಿಲಕ್ಕಿಯ ಗಂಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಕೇಳಿದ್ರಾ, ಅಂದಳು, ಕೇಳ್ಸಿದ್ರೆ ಆಗಲ್ಲ ಅಂತಿದ್ನಲ್ಲೋ.

ಹೋಲ್ಡಾನ್ — ನನ್ನ ಗಂಟಲೇ, ಕೊತ್ತಂಬರಿಯವನು ಬೆಚ್ಚಿದ, ಇಲ್ಲಿ ಸ್ಟಾಪಿಲ್ಲ ಕಣಪ್ಪ ಅನ್ನುತ್ತಾನೆ ಕಂಡಕ್ಟರ್, ನಾನು ಎದ್ದು ನಿಂತಿದ್ದೇನೆ, ಬಸ್ಸು ನಿಧಾನವಾಗುತ್ತಿದೆ, ಇಳಿ ಅಕ್ಕ, ಮನೆಗೆ ಹೋಗೋಣ, ಬ್ರೇಕಿನ ಕಿರುಚು, ಅವಳಿಗೆ ಕೇಳಿಸಿಲ್ಲ, ಮತ್ತೆ ಕುತ್ತಿಗೆ ಪೂರಾ ತಿರುಗುತ್ತದೆ, ಬಲಗಿವಿ ಮುಂದಕ್ಕೆ ಬರುತ್ತದೆ, ಚಿಕ್ಕ ಓಲೆ, ಅದರ ಹಿಂದೆ ಬೆವರಿಗೆ ಅಂಟಿದ ಕೂದಲು, ಏನಂದೆ, ಆ ಕಿವಿ, ನನ್ನ ಬಾಯಿಯ ಹತ್ತಿರ ಬಂದು ಕಾಯುತ್ತಿರುವ ಆ ಒಂದು ಕಿವಿ