ಡೆಲ್ಬರ್ಟನನ್ನು ಯಾರೂ ಮಾತಾಡಿಸದ ಮಧ್ಯಾಹ್ನ

ಡೆಲ್ಬರ್ಟ್ ಸ್ಟಕಿ ಚೆಂಡೆಸೆಯುವ ದಿನ ಕಾರ್ವರ್ಸ್ ಬೆಂಡ್ ಬೇಸ್‌ಬಾಲ್ ಮೈದಾನದ ಷರಬತ್ತಿನವನು ತನ್ನ ಗಾಡಿಯನ್ನು ಇನ್ನಷ್ಟು ದೂರ ತಳ್ಳಿಕೊಳ್ಳುತ್ತಿದ್ದ. ಅಷ್ಟು ವೇಗದ ಪಿಚರ್ ನಮ್ಮ ಸಣ್ಣ ಲೀಗಿಗೆ ಬಂದದ್ದೇ ಅಪರೂಪ ಎಂದು ಎಲ್ಲರೂ ಒಪ್ಪುತ್ತಿದ್ದರು. ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ. ಡೆಲ್ಬರ್ಟನಿಗೂ ಖಚಿತ ಅಭಿಪ್ರಾಯವಿದ್ದಂತೆ ಕಾಣಲಿಲ್ಲ.

ಸಲಹೆಗೇನೂ ಕೊರತೆಯಿರಲಿಲ್ಲ. ಮ್ಯಾನೇಜರ್ ಮರ್ಲ್ ಹಗಿನ್ಸ್ ಎಡಗಾಲು ಅನ್ನುತ್ತಿದ್ದ, ಕ್ಯಾಚರ್ ಲಾನಿ ಮೊಣಕೈ ಅನ್ನುತ್ತಿದ್ದ, ಚರ್ಚಿನ ಪಾದ್ರಿ ಉಸಿರು ಅನ್ನುತ್ತಿದ್ದರು. ಡೆಲ್ಬರ್ಟನಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ವಿಧವೆ ವೆರ್ನಾ ಕಾಪ್ ಮಾತ್ರ ಊಟ ಬಡಿಸುತ್ತ ‘ಇನ್ನೊಂದು ತುಂಡು ಹಾಕ್ಕೋ’ ಅನ್ನುತ್ತಿದ್ದಳು.

ಆ ಭಾನುವಾರ ಪಂದ್ಯಕ್ಕೆ ಮೊದಲು ಮರ್ಲ್ ಡೆಲ್ಬರ್ಟನಿಗೆ ಹೇಳಿದ್ದು ಬೆಂಚಿನ ಹಿಂದೆಯೇ ಕೂತಿದ್ದ ನಮಗೆಲ್ಲ ಕೇಳಿಸಿತು.

“ನೋಡೋ ಮಗಾ, ಇವತ್ತೂ ಚೆಂಡು ಪ್ಲೇಟ್ ಮೇಲೆ ಹೋಗ್ಲಿಲ್ಲ ಅಂದ್ರೆ ನಾಳೆ ಬಸ್ಸು ಹತ್ತು. ಊರಲ್ಲಿ ನಿಮ್ಮಪ್ಪನ ಕೋಳಿಗಳು ಕಾಯ್ತಿರ್ತವೆ.”

“ಕೋಳಿಗಳಿಗೆ ನನ್ನ ಕಂಡ್ರೆ ಆಗಲ್ಲ, ಕೋಚ್.”

ಬ್ಯಾಟರ್ ಎದುರು ನೆಲದಲ್ಲಿರುವ ಆ ಪ್ಲೇಟಿನ ಮೇಲೆ ಹಾಯದೆ ಚೆಂಡು ನಾಲ್ಕು ಸಲ ಹೊರಗೆ ಹೋದರೆ ಬ್ಯಾಟರ್ ಪುಕ್ಕಟೆಯಾಗಿ ಬೇಸಿಗೆ ನಡೆಯುತ್ತಾನೆ. ಎದುರಾಳಿಗಳು ವಾಯುವಿಹಾರಕ್ಕೆ ಬಂದವರಂತೆ ನಡೆದರು. ಬೇಸಿನಿಂದ ಬೇಸಿಗೆ ನಡೆದು ನಡೆದೇ ಸುತ್ತು ಮುಗಿಸಿ ಎರಡು ರನ್ ಮಾಡಿದರು. ಆದರೆ ಅರ್ಧ ಪಂದ್ಯ ಮುಗಿದರೂ ಒಬ್ಬನೂ ಚೆಂಡನ್ನು ಹೊಡೆದು ಬೇಸ್ ಮುಟ್ಟಿರಲಿಲ್ಲ. ಹೊಡೆಯಲು ಚೆಂಡು ಬ್ಯಾಟಿಗೆ ಎಟುಕಬೇಕಲ್ಲ!

ಒಂದೂ ಹೊಡೆತ ಬಿಟ್ಟುಕೊಡದ ಪಿಚರನನ್ನು ಅವನ ತಂಡದವರು ಮಾತಾಡಿಸಬಾರದು, ಪಕ್ಕದಲ್ಲಿ ಕೂರಬಾರದು, ಅದೃಷ್ಟ ಹಾರಿಹೋಗುತ್ತದೆ. ಈ ಆಚಾರ ಮಾಡಿದವರು ಡೆಲ್ಬರ್ಟನಂಥವನನ್ನು ಊಹಿಸಿರಲಿಕ್ಕಿಲ್ಲ. ಬೆಂಚಿನಲ್ಲಿ ಅವನ ಸುತ್ತ ಒಂದು ಹೆಣಕ್ಕೆ ಬಿಡುವಷ್ಟು ಜಾಗ ಬಿಟ್ಟರು.

“ಮೊಣಕೈ ಇಳೀತಿದೆ, ಕೋಚ್. ಒಂದೇ ಮಾತು ಹೇಳಿ ಬರ್ಲಾ?” ಲಾನಿ ಪಿಸುಗುಟ್ಟಿದ.

“ಬಾಯಿ ಮುಚ್ಚೋ! ಒಂದೂ ಹೊಡೆತ ಬಿದ್ದಿಲ್ಲ.”

“ಎರಡು ರನ್ ಹೋಯ್ತಲ್ಲ?”

“ಹೊಡೆತ ಬಿದ್ದಿಲ್ಲ ಅಂದೆ!”

ತನ್ನಂಥವನಿಗೂ ಆ ಆಚಾರ ಅನ್ವಯಿಸುತ್ತದೆಂದು ಡೆಲ್ಬರ್ಟನಿಗೆ ಹೊಳೆಯಲೇ ಇಲ್ಲ.

“ಲಾನಿ, ಬೈಯೋದಾದ್ರೂ ಬೈಯೋ ಮಾರಾಯಾ.”

ಲಾನಿ ಆಕಾಶ ನೋಡಿದ. ಸರಿ, ಬಸ್ಸಿನ ಟಿಕೆಟ್ ಆಗಿಹೋಗಿದೆ ಎಂದುಕೊಂಡ ಡೆಲ್ಬರ್ಟ್ ಮೈದಾನಕ್ಕೆ ಹೋಗಿ, ಮನೆಯ ಕಣಜದ ಗೋಡೆಗೆ ಎಸೆಯುತ್ತಿದ್ದ ಹಾಗೆ ಸುಮ್ಮನೆ ಎಸೆದ. ಚೆಂಡು ಪ್ಲೇಟಿನ ನಟ್ಟನಡುವೆ ಹೋಯಿತು. ಇನ್ನೊಂದೂ ಹೋಯಿತು. ತಪ್ಪಿಸಿಕೊಳ್ಳಲೆಂದು ಬಗ್ಗಿ ನಿಂತಿದ್ದ ಬ್ಯಾಟರುಗಳು ಬಗ್ಗಿದಲ್ಲೇ ಮೂರು ಮೂರು ಚೆಂಡು ಬಿಟ್ಟು ಔಟಾದರು. ನಮ್ಮವರು ಮೂರು ರನ್ ಮಾಡಿ ಮುಂದೆ ಹೋದರು. ಷರಬತ್ತಿನ ಗಾಡಿ ನಿಧಾನವಾಗಿ ಹತ್ತಿರ ಬಂತು.

ಒಂಬತ್ತರಲ್ಲಿ ಎಂಟನೆಯ ಇನ್ನಿಂಗ್ಸಿನಲ್ಲಿ ಒಬ್ಬನ ಬ್ಯಾಟಿನ ತುದಿಗೆ ತಗುಲಿದ ಚೆಂಡು ಸತ್ತ ಕಪ್ಪೆಯಂತೆ ಹುಲ್ಲಿಗೆ ಬಿತ್ತು. ಅವನು ಓಡಿ ಬೇಸ್ ಮುಟ್ಟಿದ. ಅಷ್ಟೇ. ಮೊದಲ ಹೊಡೆತ ಬಿದ್ದಿತ್ತು, ಮೌನದ ಆಚಾರ ಮುಗಿದಿತ್ತು. ಇಡೀ ಮಧ್ಯಾಹ್ನ ಬಾಯಲ್ಲಿ ಒತ್ತಿಟ್ಟುಕೊಂಡದ್ದನ್ನೆಲ್ಲ ಹೊತ್ತು ತಂಡವೇ ಡೆಲ್ಬರ್ಟನತ್ತ ಓಡಿತು.

“ಎಡಗಾಲು ನೋಡ್ಕೊಳ್ಳೋ!”

“ಮೊಣಕೈ ಎತ್ತು!”

“ಉಸಿರು, ಉಸಿರು!” ಪಾದ್ರಿಗಳು ಗ್ಯಾಲರಿಯಿಂದಲೇ ಕೂಗಿದರು.

ಡೆಲ್ಬರ್ಟ್ ವಿಧೇಯ ಹುಡುಗ. ಕಾಲು ನೋಡಿದ, ಕೈ ಎತ್ತಿದ, ಉಸಿರು ಹಿಡಿದು ಎಸೆದ. ಷರಬತ್ತಿನ ಗಾಜಿನ ಜಾಡಿ ಒಡೆಯಿತು. ಆಮೇಲೆ ಎದುರಾಳಿಗಳು ಮತ್ತೆ ನಡೆಯತೊಡಗಿ, ನಡೆದೇ ಗೆದ್ದರು.

ಮಾರನೆಯ ಬೆಳಿಗ್ಗೆ ಬಸ್ಸಿನ ಹತ್ತಿರ ಮರ್ಲ್ ನಿಜವಾಗಿಯೂ ದುಃಖದಲ್ಲಿದ್ದ. “ಹೇಳಿದ್ದು ಕೇಳಿದ್ರೆ ಎಲ್ಲಿಗೋ ಹೋಗ್ತಿದ್ದ,” ಎಂದು ವೆರ್ನಾಳ ಹತ್ತಿರ ಹೇಳಿಕೊಂಡ. ಬಸ್ಸು ಹೊರಟಿತು. ಅವಳ ಮನೆಯ ಬೀಗದ ಕೈ ತನ್ನ ಜೇಬಿನಲ್ಲೇ ಉಳಿದದ್ದು ಡೆಲ್ಬರ್ಟನಿಗೆ ಆಗ ನೆನಪಾಗಿರಬೇಕು. ಚಲಿಸುವ ಬಸ್ಸಿನ ಕಿಟಕಿಯಿಂದ ಎಸೆದ. ರಸ್ತೆಯ ಅಗಲವನ್ನೆಲ್ಲ ದಾಟಿ ಬಂದು ಅದು ಅವಳ ಏಪ್ರನ್ನಿನ ಜೇಬಿಗೇ ಬಿತ್ತು.

“ಮೊಣಕೈ!” ಮರ್ಲ್ ಬಸ್ಸಿನ ಹಿಂದೆ ಓಡುತ್ತ ಕೂಗಿದ. “ಮೊಣಕೈ ಇಳೀತಿದೆ ಕಣೋ!”